ಬಣ್ಣ ನೋಡಿ ಹಳೆಯ ಯುದ್ಧವಿಮಾನಕ್ಕೆ ಮುಂಗಡ ಕೊಡಬೇಡಿ

ಬೆಂಗಳೂರಿನ ಹೊರವಲಯದ ಶೆಡ್ಡೊಂದರಲ್ಲಿ ‘1971ರ ಯುದ್ಧದಲ್ಲಿ ಹೋರಾಡಿದ, ಸಂಪೂರ್ಣ ದುರಸ್ತಿಗೊಂಡ ನ್ಯಾಟ್’ ಎಂದು ತೋರಿಸಲಾದ ವಿಮಾನವೊಂದಕ್ಕೆ ನಾನು ಮತ್ತು ನನ್ನ ನಾಲ್ವರು ಹಳೆಯ ಸಹೋದ್ಯೋಗಿಗಳು ಒಂಬತ್ತು ಲಕ್ಷ ರೂಪಾಯಿ ಮುಂಗಡ ಕೊಟ್ಟು ಕಳೆದುಕೊಂಡಿದ್ದೇವೆ. ಅದೇ ವಿಮಾನವನ್ನು ಕಾಲೇಜು, ರೆಸಾರ್ಟುಗಳಿಗೆ ಮಾರುವ ಪ್ರಯತ್ನ ಇನ್ನೂ ನಡೆಯುತ್ತಿದೆ ಎಂದು ತಿಳಿದುಬಂದದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮ ಆಸೆಗೆ ಕಾರಣವಿತ್ತು. ನ್ಯಾಟ್ ಇಂಗ್ಲೆಂಡಿನ ಫಾಲಂಡ್ ಕಂಪನಿಯ ವಿನ್ಯಾಸವಾದರೂ ನಮ್ಮ ವಾಯುಪಡೆಯಲ್ಲಿ ಹಾರಿದ ನ್ಯಾಟ್‌ಗಳಲ್ಲಿ ಹೆಚ್ಚಿನವು ತಯಾರಾದದ್ದು ಈ ಊರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಮೀಟರೂ ಇಲ್ಲದ ಈ ಪುಟ್ಟ ವಿಮಾನ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನ‌ಗಳನ್ನು ಕೆಡವಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರ್‌ಗಳನ್ನು ಒಂಟಿಯಾಗಿ ಎದುರಿಸಿ ಪ್ರಾಣ ಕೊಟ್ಟು, ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರು ಹಾರಿಸುತ್ತಿದ್ದದ್ದೂ ನ್ಯಾಟನ್ನೇ. ನನ್ನ ತಂದೆ ಆ ವಿಮಾನಗಳಿಗೆ ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ, ಹೊಡೆದವರು. ನಾನೂ ವಿಮಾನದ ತಗಡು ಕೆಲಸದಲ್ಲೇ ಇಪ್ಪತ್ತೇಳು ವರ್ಷ ಕಳೆದವನು. ನಮ್ಮೂರಿನಲ್ಲಿ ಹುಟ್ಟಿದ ಒಂದು ನ್ಯಾಟನ್ನು ಕೊಂಡು, ಕನಕಪುರ ರಸ್ತೆಯ ಶಾಲೆಯೊಂದರ ಅಂಗಳದಲ್ಲಿ ಮಕ್ಕಳು ಮುಟ್ಟಿ ನೋಡುವಂತೆ ನಿಲ್ಲಿಸಬೇಕೆಂಬುದು ನಮ್ಮ ಬಯಕೆಯಾಗಿತ್ತು.

ದಳ್ಳಾಳಿ ನಮ್ಮನ್ನು ಕರೆದೊಯ್ದದ್ದು ಸಂಜೆ ಏಳರ ನಂತರ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಹೊಸ ಬಣ್ಣ ಹೊಳೆಯುತ್ತಿತ್ತು, ಬಾಲದ ಮೇಲೆ ತ್ರಿವರ್ಣ ಅಚ್ಚುಕಟ್ಟಾಗಿತ್ತು, ಪೈಲಟ್ ಕೂರುವ ಜಾಗದಲ್ಲಿ ವೇಗ, ಎತ್ತರ ತೋರಿಸುವ ಮುಳ್ಳಿನ ಗಡಿಯಾರಗಳೆಲ್ಲ ಸ್ವಸ್ಥಾನದಲ್ಲಿದ್ದವು. ತಪಾಸಣೆಯ ಮುಚ್ಚಳಗಳನ್ನು ತೆರೆಯಬಹುದೇ ಎಂದು ಕೇಳಿದಾಗ, ಬಣ್ಣ ಇನ್ನೂ ಹಸಿ ಇದೆ, ಕಿತ್ತುಹೋಗುತ್ತದೆ ಎಂದರು. ಹೈದರಾಬಾದಿನಿಂದ ಇನ್ನೊಬ್ಬರು ಸೋಮವಾರ ಬರುತ್ತಿದ್ದಾರೆ ಎಂದೂ ಸೇರಿಸಿದರು. ಒಟ್ಟು ಬೆಲೆ ಇಪ್ಪತ್ತಮೂರು ಲಕ್ಷ. ಮರುದಿನವೇ ಮುಂಗಡ ಕೊಟ್ಟೆವು. ಇಷ್ಟು ವರ್ಷ ಒಂದು ರಿವೆಟ್ಟನ್ನೂ ಪರೀಕ್ಷಿಸದೆ ಸಹಿ ಹಾಕದ ನಾನು ಅಂದು ಹೇಗೆ ಒಪ್ಪಿದೆ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಎರಡು ವಾರದ ಬಳಿಕ ಹಗಲಿನಲ್ಲಿ ಹೋದಾಗ, ಹಿಂದೆ ಅಜೀತ್ ವಿಮಾನಗಳ ಮೇಲೆ ಕೆಲಸ ಮಾಡಿದ್ದ ಹಿರಿಯರೊಬ್ಬರು ನಮ್ಮ ಜೊತೆ ಬಂದಿದ್ದರು. ಅವರು ಯಾರ ಅಪ್ಪಣೆಗೂ ಕಾಯದೆ ರೆಕ್ಕೆಯ ಅಡಿಯ ಒಂದು ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಬಹಳ ಹೊತ್ತು ನೋಡಿದರು. ತಗಡುಗಳು ಕೂಡುವ ಪ್ರತಿಯೊಂದು ಅಂಚಿನ ಮೇಲೂ, ರಿವೆಟ್‌ಗಳ ತಲೆಯ ಮೇಲೂ ಕಂದುಬಣ್ಣದ ಅಂಟು ದಪ್ಪವಾಗಿ ಮೆತ್ತಿಕೊಂಡಿತ್ತು. ಇಂಧನ ಸೋರದಿರಲೆಂದು ಹಚ್ಚುವ ಸೀಲೆಂಟ್ ಅದು. “ಇದು ನ್ಯಾಟ್ ರೆಕ್ಕೆ ಅಲ್ಲ ರೀ, ಅಜೀತ್‌ದು,” ಎಂದರು. ರೆಕ್ಕೆಯನ್ನೇ ಇಂಧನದ ತೊಟ್ಟಿಯನ್ನಾಗಿ ಮಾಡಿದ್ದು ನ್ಯಾಟನ್ನು ಸುಧಾರಿಸಿ ಎಚ್‌ಎಎಲ್ ರೂಪಿಸಿದ ಅಜೀತ್‌ನಲ್ಲಿ, ಮತ್ತು ಅಜೀತ್ ಮೊದಲು ಹಾರಿದ್ದು 1975ರಲ್ಲಿ. 1971ರ ಯುದ್ಧದಲ್ಲಿ ಹೋರಾಡಿತೆಂದು ಹೇಳಲಾದ ವಿಮಾನಕ್ಕೆ ಆಗ ಇನ್ನೂ ಹುಟ್ಟದ ರೆಕ್ಕೆ ಜೋಡಿಸಲ್ಪಟ್ಟಿತ್ತು.

ಆಮೇಲೆ ನಾನೂ ಸುಮ್ಮನಿರಲಿಲ್ಲ. ಐದು ರೂಪಾಯಿಯ ನಾಣ್ಯದಿಂದ ಹೊಟ್ಟೆಯ ಭಾಗವನ್ನು ತಟ್ಟುತ್ತಾ ಹೋದೆ. ತಗಡು ಗಟ್ಟಿಯಾಗಿದ್ದ ಕಡೆ ಸ್ಪಷ್ಟವಾದ ಟಣಟಣ ಸದ್ದು ಬಂತು, ಪುಟ್ಟಿ ತುಂಬಿದ್ದ ಕಡೆ ಮಣ್ಣಿನ ಗೋಡೆ ತಟ್ಟಿದಂತಾಯಿತು. ಎಡ ರೆಕ್ಕೆಯ ಬುಡದ ಬಳಿ ಜೇಬಿನ ಅಯಸ್ಕಾಂತವನ್ನು ಇಟ್ಟರೆ ಅದು ಅಂಟಿಕೊಂಡಿತು. ಅಲ್ಯುಮಿನಿಯಂ ಮಿಶ್ರಲೋಹದ ಮೈಗೆ ಅಯಸ್ಕಾಂತ ಅಂಟಬಾರದು. ಅಲ್ಲಿ ಬಡಿದಿದ್ದದ್ದು ಚಾವಣಿಗೆ ಹಾಕುವ ಜಿಂಕ್ ಶೀಟಿನ, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನ ತುಂಡು. ಬೇರೆ ಜಾತಿಯ ಎರಡು ಲೋಹಗಳ ನಡುವೆ ತೇವ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಉಗುರಿನಿಂದ ಬಣ್ಣ ಕೆರೆದಾಗ ತೇಪೆಯ ಅಂಚಿನಿಂದ ಬಿಳಿಯ ಪುಡಿ ಉದುರಿತು.

ಬೇರೆ ಬೇರೆ ವಿಮಾನಗಳ ಭಾಗ ಸೇರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿಗೆ ತಂದು ಮತ್ತೆ ಹಾರುವಂತೆ ಮಾಡಿದ್ದು ಇದೇ ಊರಿನ ಕೆಲಸಗಾರರು. ಅವು 1968ರವರೆಗೆ ವಾಯುಪಡೆಯಲ್ಲಿದ್ದವು. ಬ್ರಿಟನ್ನಿನಲ್ಲಿ ಇಂದು ಹಾರುವ ಎಷ್ಟೋ ಸ್ಪಿಟ್‌ಫೈರ್ ಯುದ್ಧವಿಮಾನಗಳಲ್ಲೂ ಹೊಸ ತಗಡೇ ಹೆಚ್ಚು. ಆದರೆ ಪ್ರಾಮಾಣಿಕ ದುರಸ್ತಿಯಲ್ಲಿ ಯಾವ ಭಾಗ ಎಲ್ಲಿಂದ ಬಂತು, ಯಾವುದು ಹೊಸದು ಎಂಬ ದಾಖಲೆ ಇರುತ್ತದೆ. ನಮಗೆ ಸಿಕ್ಕಿದ್ದು ಕಾಕ್‌ಪಿಟ್ಟಿನಲ್ಲಿ ಹೊಸ ಸ್ಕ್ರೂಗಳಿಂದ ಕೂರಿಸಿದ ಗುರುತಿನ ಫಲಕ ಮತ್ತು ಮೊದಲ ಪುಟಗಳಿಲ್ಲದ ಒಂದು ಲಾಗ್‌ಬುಕ್ ಮಾತ್ರ. ಹರಾಜಿನಲ್ಲಿ ಕೊಂಡದ್ದೆಂದು ಹೇಳಿದರೂ ಹರಾಜಿನ ಮಾರಾಟ ಪತ್ರವನ್ನಾಗಲಿ, ಮಾಲು ಹೊರತಂದ ಬಿಡುಗಡೆ ಆದೇಶವನ್ನಾಗಲಿ ತೋರಿಸಲಿಲ್ಲ. ಇವೆರಡನ್ನು ನೋಡದೆ, ಅವುಗಳಲ್ಲಿರುವ ವಿಮಾನದ ಸಂಖ್ಯೆಯನ್ನು ಫಲಕದ ಸಂಖ್ಯೆಯೊಂದಿಗೆ ಹೋಲಿಸದೆ ದಯವಿಟ್ಟು ಯಾರೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಣಕ್ಕಿಂತ ಹೆಚ್ಚು ನನ್ನನ್ನು ಕಳವಳಗೊಳಿಸಿದ್ದು ಪೈಲಟ್‌ನ ಆಸನ. ಅಪಾಯದ ಹೊತ್ತಿನಲ್ಲಿ ಪೈಲಟ್‌ನನ್ನು ಹೊರಗೆ ಎಸೆಯುವ ಈ ಆಸನ ಸ್ಫೋಟಕ ಕಾಟ್ರಿಜ್‌ನಿಂದ ಕೆಲಸ ಮಾಡುತ್ತದೆ. ಆ ಸ್ಫೋಟಕವನ್ನು ತೆಗೆದಿದ್ದೇವೆ ಎಂಬ ಬಾಯಿಮಾತಿನ ಹೊರತು ಯಾವ ಪ್ರಮಾಣಪತ್ರವೂ ಇರಲಿಲ್ಲ. ಮಕ್ಕಳು ಹತ್ತಿ ಕೂರಲಿದ್ದ ಆಸನ ಅದು. ಹಳೆಯ ಗಡಿಯಾರಗಳ ವಿಷಯವೂ ಹಾಗೆಯೇ: ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಎಷ್ಟೋ ಉಪಕರಣಗಳ ಮುಳ್ಳುಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು, ಹೊಳಪು ಮಾಸಿದರೂ ವಿಕಿರಣ ನಿಲ್ಲುವುದಿಲ್ಲ, ಏಕೆಂದರೆ ರೇಡಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 1,600 ವರ್ಷ ಬೇಕು. ಗಾಜು ಒಡೆದ ಅಂಥ ಗಡಿಯಾರವನ್ನು ಮಕ್ಕಳ ಕೈಗೆ ಕೊಡಲಾಗದು.

ಎಂಜಿನ್ ಚಾಲೂ ಆಗುತ್ತದೆ, ಮುಂದೆ ಜಕ್ಕೂರಿನ ವಿಮಾನ ನೆಲೆಯಿಂದ ಹಾರಿಸಲೂಬಹುದು ಎಂದು ಮಾರುವವರು ಆಸೆ ತೋರಿಸಿದ್ದರು. ನಾಗರಿಕ ನೋಂದಣಿ ಮತ್ತು ಹಾರಾಟಯೋಗ್ಯತೆಯ ಪ್ರಮಾಣಪತ್ರವಿಲ್ಲದೆ ಯಾವ ವಿಮಾನವನ್ನೂ ಹಾರಿಸುವಂತಿಲ್ಲ. ಇಂಥ ಮಾತು ಕೇಳಿದೊಡನೆ ಎದ್ದು ಬನ್ನಿ.

ಮುಂಗಡ ಹಿಂದಿರುಗಿಸಲು ಕೇಳಿದಾಗ ಕರಾರಿನ ಕೊನೆಯ ಪುಟದ ಒಂದು ಸಾಲನ್ನು ತೋರಿಸಿದರು: ‘ಇರುವ ಸ್ಥಿತಿಯಲ್ಲೇ ಮಾರಾಟ, ಮುಂಗಡ ಮರುಪಾವತಿ ಇಲ್ಲ.’ ವಕೀಲರ ಮೂಲಕ ನೋಟಿಸ್ ಕಳುಹಿಸಿದ್ದೇವೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರನ್ನೂ ಕೊಟ್ಟಿದ್ದೇವೆ; ತೀರ್ಮಾನ ಬಂದಿಲ್ಲ.

ಕಳೆದ ತಿಂಗಳು ಪರಿಚಿತರೊಬ್ಬರಿಗೆ ಬಂದ ಫೋಟೋಗಳಲ್ಲಿ ಅದೇ ವಿಮಾನ ಬೇರೆ ಬಣ್ಣದಲ್ಲಿ, ಬಾಲದ ಮೇಲೆ ಬೇರೆ ಸಂಖ್ಯೆಯೊಂದಿಗೆ ಕಾಣಿಸಿತು. ನಿಮಗೆ ಅದನ್ನು ತೋರಿಸಿದರೆ ಎಡ ರೆಕ್ಕೆಯ ಬುಡದಲ್ಲಿ, ಕೆಳಭಾಗದಲ್ಲಿ ಕೈಯಾಡಿಸಿ ನೋಡಿ. ಅಂಗೈ ಅಗಲದ ತೇಪೆ, ಅದರ ಒಂದು ಅಂಚಿನಲ್ಲಿ ಸೊಟ್ಟಗೆ ಹೊಡೆದ ಏಳು ರಿವೆಟ್ ಸಿಗುತ್ತವೆ. ಅಯಸ್ಕಾಂತ ಅಲ್ಲಿ ಅಂಟುತ್ತದೆ.