ಚಳಿಯಲ್ಲಿ ಬೀನ್ಸ್ ಬೀಜ ನೆನೆಹಾಕಬೇಡಿ, ನಾನು ಹಾಕಿ ಕೆಟ್ಟೆ

ಹೋದ ಜನವರಿಯಲ್ಲಿ ಎರಡು ಕೆಜಿ ಬೀನ್ಸ್ ಬೀಜವನ್ನು ಕೈಯಾರೆ ಕೊಳೆಸಿದೆ. ನೀವು ಹಾಗೆ ಮಾಡಬೇಡಿ.

ನಮ್ಮದು ಮೂಡಿಗೆರೆ ಕಡೆ. ಆಗ ರಾತ್ರಿ ಚಳಿ ಜಾಸ್ತಿ, ಬೆಳಿಗ್ಗೆ ಒಂಬತ್ತರವರೆಗೂ ಮಣ್ಣು ತಣ್ಣಗೆ ಕೊರೆಯುತ್ತದೆ. ಹಾಗಲ ಬೀಜವನ್ನು ನಾವು ಮೊದಲಿನಿಂದಲೂ ನೆನೆಹಾಕಿಯೇ ಬಿತ್ತುವುದು. ಅದರ ಸಿಪ್ಪೆ ಗಟ್ಟಿ, ಸುಮ್ನೆ ಊರಿದರೆ ಚಳಿಯಲ್ಲಿ ಏಳುವುದೇ ಇಲ್ಲ. ಹಾಗಲಕ್ಕೆ ಆಗುವುದು ಬೀನ್ಸಿಗೂ ಆಗುತ್ತದೆ ಅಲ್ವಾ ಅಂದುಕೊಂಡು ಎರಡನ್ನೂ ಒಂದೇ ಸಂಜೆ ಬಕೆಟ್ಟಿಗೆ ಹಾಕಿದೆ. ಮರುದಿನ ಆಳುಗಳು ಬರಲಿಲ್ಲ. ಬೀಜ ಇನ್ನೊಂದು ರಾತ್ರಿ ನೀರಲ್ಲೇ ಉಳಿಯಿತು.

ತೆಗೆದು ನೋಡಿದರೆ ಬೀನ್ಸಿನ ಸಿಪ್ಪೆ ಒಡೆದು ಬೇಳೆ ಹೋಳಾಗಿತ್ತು. ನೀರು ಲೋಳೆ, ಹುಳಿ ವಾಸನೆ ಬೇರೆ. ದುಡ್ಡು ಕೊಟ್ಟು ತಂದ ಬೀಜ, ಬಿಸಾಡಲು ಮನಸ್ಸು ಬರಲಿಲ್ಲ. ಬಿತ್ತಿ, ಮೇಲೆ ನೀರೂ ಕೊಟ್ಟೆ. ಹತ್ತು ದಿನ ಬಿಟ್ಟು ಕೆದಕಿದರೆ ಬೂಷ್ಟು ಹಿಡಿದ ಮುದ್ದೆ. ಎಂಟು ಸಾಲಿನಲ್ಲಿ ಎದ್ದದ್ದು ಹನ್ನೊಂದು ಗಿಡ.

ಆಮೇಲೆ ತಿಳಿಯಿತು. ಬೀನ್ಸ್ ಬೀಜ ನೀರನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ತಣ್ಣೀರಲ್ಲಿ ಹಾಗೆ ಎಳೆದುಕೊಂಡರೆ ಒಳಗಿನ ಜೀವಕೋಶಗಳು ಹರಿದು, ಅದರಲ್ಲಿರುವ ಸಕ್ಕರೆಯೆಲ್ಲ ಹೊರಗೆ ಸೋರುತ್ತದೆ. ಮಣ್ಣಿನ ಬೂಷ್ಟಿಗೆ ಅದೇ ಹಬ್ಬದೂಟ. ನೀರಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡಲು ಗಾಳಿಯೂ ಸಾಲದು. ಚಳಿಯಲ್ಲಿ ಬೀಜಕ್ಕೆ ಬೇಕಿದ್ದದ್ದು ಬೆಚ್ಚಗಿನ ಜಾಗ, ನಾನು ಕೊಟ್ಟದ್ದು ನೀರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಲೇಪಿಸಿದ್ದರು. ಕೊಳೆರೋಗ ತಡೆಯಲೆಂದೇ ಹಾಕಿದ್ದನ್ನು ನಾನು ತೊಳೆದು ತೆಗೆದಿದ್ದೆ. ಸಾಲದ್ದಕ್ಕೆ ಆ ಬಣ್ಣದ ನೀರನ್ನು ಹಿತ್ತಲಲ್ಲಿ ಚೆಲ್ಲಿದೆ. ಕೋಳಿಗಳು ಓಡಿ ಬಂದವು. ಅಮ್ಮ ಕೂಗಿ ಅಟ್ಟದಿದ್ದರೆ ಏನಾಗುತ್ತಿತ್ತೋ! ಬಣ್ಣ ಹಚ್ಚಿದ ಬೀಜವನ್ನು ದಯವಿಟ್ಟು ನೆನೆಹಾಕಬೇಡಿ. ಉಳಿದರೆ ಕೋಳಿಗೂ ಹಾಕಬೇಡಿ, ಸಾರಿಗೂ ಹಾಕಬೇಡಿ.

ಈ ಸಲ ಬೀನ್ಸನ್ನು ಒಣಗಿದ್ದ ಹಾಗೇ ಬಿತ್ತಿದೆ, ಅದೂ ಚಳಿ ಮುರಿದು ಮಣ್ಣು ಬೆಚ್ಚಗಾದ ಮೇಲೆ. ಹದವಾದ ತೇವ ಇತ್ತು, ಮೊಳಕೆ ಕಾಣುವವರೆಗೆ ಮತ್ತೆ ನೀರು ಬಿಡಲಿಲ್ಲ. ಲೇಪನವಿಲ್ಲದ ಹಾಗಲ ಬೀಜವನ್ನು ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ಇಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಚ್ಚಲೊಲೆ ಹತ್ತಿರ ಬೆಚ್ಚಗೆ ಇಟ್ಟಿದ್ದೆ. ಒಲೆಯ ಮೇಲಲ್ಲ, ಬೆಂದುಹೋಗುತ್ತದೆ. ಬಾಯಿ ಬಿಟ್ಟ ಬೀಜಗಳನ್ನು ಆರಿಸಿ ಊರಿದೆ.

ಹೋದ ವರ್ಷದ ಆ ಬಕೆಟ್ ಈಗ ಕೊಟ್ಟಿಗೆಯ ಹತ್ತಿರವೂ ಸುಳಿಯುವಂತಿಲ್ಲ, ಅಮ್ಮನ ಕಟ್ಟಪ್ಪಣೆ.