ಮನೆ ಮುಂದೆ ಯಾವುದು: ಕಣಗಿಲೆಯಾ, ದೇವಕಣಗಿಲೆಯಾ, ನಂದಿಬಟ್ಟಲಾ?

ಮೂರೂ ಅಪೊಸೈನೇಸಿ ಎಂಬ ಸಸ್ಯ ಕುಟುಂಬದವು. ಮೊಗ್ಗಿನಲ್ಲಿ ಐದು ಎಸಳು ತಿರುಚಿಕೊಂಡಿರುವುದೇ ಗುರುತು.

ಕಣಗಿಲೆ ಬಿಸಿಲಿಗೂ ಬರಕ್ಕೂ ಜಗ್ಗುವುದಿಲ್ಲ. ಹೆದ್ದಾರಿಯ ನಡುವೆ ನೆಡುವುದು ಅದಕ್ಕೇ. ಆದರೆ ಬೇರಿನಿಂದ ಹೂವಿನವರೆಗೆ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿದ ಎಲೆಯೂ ಅಪಾಯ, ಸುಟ್ಟ ಹೊಗೆಯೂ ಅಪಾಯ. ಚಿಕ್ಕ ಮಕ್ಕಳು, ದನ, ನಾಯಿ ಇರುವ ಮನೆಗೆ ಬೇಡವೇ ಬೇಡ.

ದೇವಕಣಗಿಲೆ ಮೂಲತಃ ಮೆಕ್ಸಿಕೊ, ಕೆರಿಬಿಯನ್ ಕಡೆಯದು. ರಾತ್ರಿ ಪರಿಮಳ ಜಾಸ್ತಿ, ಮಕರಂದ ಮಾತ್ರ ಇಲ್ಲ. ಪತಂಗಗಳಿಗೆ ಮೋಸ, ಪಾಪ! ಕೊಂಬೆ ಕತ್ತರಿಸಿ, ಗಾಯ ಒಣಗಿಸಿ ನೆಟ್ಟರೆ ಚಿಗುರುತ್ತದೆ. ಚಳಿಗಾಲದಲ್ಲಿ ಬೋಳಾಗುತ್ತದೆ, ಜಾಗವೂ ಬೇಕು.

ಚಿಕ್ಕ ಅಂಗಳ, ಅರೆ ನೆರಳು, ದಿನಾ ಪೂಜೆಗೆ ಹೂವು ಬೇಕು ಅಂದರೆ ನನ್ನ ಓಟು ನಂದಿಬಟ್ಟಲಿಗೆ. ಸದಾ ಹಸಿರು, ಕುಂಡದಲ್ಲೂ ಬರುತ್ತದೆ. ಕೊಂಬೆ ಸವರುವಾಗ ಅದರ ಹಾಲು ಕಣ್ಣಿಗೆ ತಾಗದಿರಲಿ.