ಓಸ್ಮ್ಯಾಂಡ್: ನೆಟ್‌ವರ್ಕ್ ಇಲ್ಲದ ಊರಲ್ಲೂ ದಾರಿ ತೋರಿಸುತ್ತೆ, ನಮ್ಮ ಬೆನ್ನು ಹತ್ತಲ್ಲ

ಹೊಸನಗರ, ತೀರ್ಥಹಳ್ಳಿ, ಸಾಗರ ತಾಲೂಕುಗಳ ಒಂಟಿ ಮನೆಗಳಿಗೆ ಹೋಗಿ ಮಷೀನು ರಿಪೇರಿ ಮಾಡುವುದು ನನ್ನ ಕೆಲಸ. ಔಷಧಿ ಹೊಡೆಯುವ ಪಂಪು, ಕಳೆ ಹೊಡೆಯುವ ಮಷೀನು, ಅಡಿಕೆ ಸುಲಿಯುವ ಮಷೀನು, ಯಾವುದು ಕೆಟ್ಟರೂ ಫೋನ್ ಬರುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸಮಯದಲ್ಲಂತೂ ಪುರುಸೊತ್ತೇ ಇರುವುದಿಲ್ಲ. ಮಳೆ ಎರಡು ದಿನ ಬಿಟ್ಟುಕೊಟ್ಟಿರುತ್ತದೆ, ಅಡಿಕೆ ಮರ ಹತ್ತುವ ಕೊನೆಗಾರ ಸಿಕ್ಕಿರುತ್ತಾನೆ, ಆ ಹೊತ್ತಿಗೇ ಪಂಪು ನಿಂತಿರುತ್ತದೆ. ಅವತ್ತು ನಾನು ದಾರಿ ತಪ್ಪಿ ತಡವಾಗಿ ಹೋದರೆ ಅವರ ಒಂದು ಸುತ್ತಿನ ಔಷಧಿಯೇ ಹೋಯಿತು. ಹಾಗಾಗಿ ಮ್ಯಾಪ್ ನನಗೆ ಪಾನಾ, ಸ್ಕ್ರೂಡ್ರೈವರ್‌ನಷ್ಟೇ ಮುಖ್ಯ.

ಐದಾರು ವರ್ಷದಿಂದ ಬಳಸುತ್ತಿರುವುದು ಓಸ್ಮ್ಯಾಂಡ್. 2010ರಲ್ಲಿ ಶುರುವಾದ ಆ್ಯಪ್ ಇದು. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಪ್ರೋಗ್ರಾಮ್, ಎಲ್ಲರಿಗೂ ತೆರೆದಿದೆ. ಮ್ಯಾಪಿನ ಮಾಹಿತಿ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದು 2004ರಿಂದ ಜಗತ್ತಿನಾದ್ಯಂತ ಜನರೇ ಸೇರಿ ಬರೆಯುತ್ತಿರುವ ನಕ್ಷೆ. ಕರ್ನಾಟಕದ ಮ್ಯಾಪನ್ನು ಒಂದು ಸಲ ಮನೆಯ ವೈಫೈಯಲ್ಲಿ ಇಳಿಸಿಕೊಂಡರೆ ಆಯಿತು. ಆಮೇಲೆ ಹುಡುಕುವುದು, ದಾರಿ ಲೆಕ್ಕ ಹಾಕುವುದು, ತಿರುವು ಹೇಳುವುದು ಎಲ್ಲ ಫೋನಿನೊಳಗೇ ನಡೆಯುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ನನ್ನನ್ನು ಇದನ್ನೇ ಕೇಳುತ್ತಾರೆ. ನೆಟ್‌ವರ್ಕ್ ಇಲ್ಲದೆ ಜಿಪಿಎಸ್ ಹೇಗೆ ಕೆಲಸ ಮಾಡುತ್ತೆ ಅಂತ. ಜಿಪಿಎಸ್‌ಗೆ ಟವರ್ ಬೇಡ, ಡೇಟಾ ಬೇಡ. ಉಪಗ್ರಹಗಳು ಸಿಗ್ನಲ್ ಕಳಿಸುತ್ತವೆ, ಫೋನ್ ಅದನ್ನು ಕೇಳಿಸಿಕೊಂಡು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ, ಅಷ್ಟೇ. ಫೋನ್ ಉಪಗ್ರಹಕ್ಕೆ ಏನೂ ಹೇಳುವುದಿಲ್ಲ. ನೆಟ್‌ವರ್ಕ್ ಇದ್ದರೆ ಮೊದಲ ಸಲ ಜಾಗ ಹಿಡಿಯುವುದು ಬೇಗ ಆಗುತ್ತದೆ. ಇಲ್ಲದಿದ್ದರೆ ಬಯಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ದಟ್ಟ ಕಾಡಲ್ಲಿ, ಅಡಿಕೆ ತೋಟದ ನಡುವೆ ಬಾಣದ ಗುರುತು ಒಂದಷ್ಟು ಆಚೀಚೆ ಓಡಾಡುತ್ತದೆ. ಅದು ಆ್ಯಪಿನ ತಪ್ಪಲ್ಲ, ಮರದ ಕೆಳಗೆ ಯಾವ ಮ್ಯಾಪಿಟ್ಟರೂ ಹಾಗೇ.

ನಮ್ಮ ಕಡೆ ನೆಟ್‌ವರ್ಕ್ ಸ್ಥಿತಿ ಗೊತ್ತಿರುವುದೇ ಅಲ್ವಾ? 2021ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಜನ ಹೋರಾಟ ಮಾಡಿದ್ದರು. ಈಗ ಕೆಲವು ಕಡೆ ಟವರ್ ಬಂದಿದೆ. ಆದರೂ ಮಾಸ್ತಿಕಟ್ಟೆ, ಯಡೂರು ಕಡೆ ಒಳದಾರಿ ಹಿಡಿದರೆ ಫೋನಿನ ಮೇಲಿನ ಕಡ್ಡಿಗಳು ಮಾಯ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇದ್ದ ಟವರೂ ಮಲಗುತ್ತದೆ. ಅದರ ಮೇಲೆ ಶರಾವತಿ, ವಾರಾಹಿ, ಚಕ್ರಾ ಹಿನ್ನೀರು. ಕಣ್ಣೆದುರು ಕಾಣುವ ಮನೆಗೆ ಇಡೀ ಗುಡ್ಡ ಸುತ್ತಿ ಹೋಗಬೇಕು. ಇಂಥ ಕಡೆ ಇಂಟರ್ನೆಟ್ ನಂಬಿದ ಮ್ಯಾಪ್ ಅರ್ಧ ದಾರಿಯಲ್ಲಿ ಖಾಲಿ ಹಾಳೆ ತೋರಿಸಿದರೆ ಕೇಳಲು ದಾರಿಯಲ್ಲಿ ಜನವೂ ಸಿಗುವುದಿಲ್ಲ.

ಇನ್ನು ಈ ಮ್ಯಾಪ್ ನನಗೆ ಹತ್ತಿರವಾದ ಕಾರಣ. ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಆಚೆ ಒಂದು ಮನೆ. ಅಲ್ಲಿಗೆ ಹೋಗುವ ಜೀಪ್ ದಾರಿ ಒಂದು ಹಳ್ಳ ದಾಟುತ್ತದೆ. ಬೇಸಿಗೆಯಲ್ಲಿ ಬೈಕು ಕಲ್ಲಿನ ಮೇಲೆ ಹಾಯುತ್ತದೆ. ಆಷಾಢದಲ್ಲಿ ನೀರು ಸೊಂಟಕ್ಕೆ ಬರುತ್ತದೆ, ಆಗ ಪಕ್ಕದ ಕಾಲುಸಂಕವೇ ಗತಿ. ಅಡಿಕೆ ಮರದ ದಬ್ಬೆ ಹಾಕಿದ, ಒಂದೇ ಕಡೆ ಕೈಹಿಡಿ ಇರುವ ಸಂಕ. ಮ್ಯಾಪಲ್ಲಿ ಅದು ಯಾವ ಅಡ್ಡಿಯೂ ಇಲ್ಲದ ರಸ್ತೆ ಅಂತಿತ್ತು. ಉಪಗ್ರಹದ ಚಿತ್ರ ನೋಡಿಕೊಂಡು ದೂರದಲ್ಲಿ ಕೂತ ಯಾರೋ ಗೆರೆ ಎಳೆದಿದ್ದರು, ಪಾಪ, ಮೇಲಿಂದ ಹಳ್ಳ ಕಾಣುವುದಿಲ್ಲ. ನಾನು ಅಲ್ಲೇ ಹಳ್ಳದ ದಂಡೆ ಮೇಲೆ ನಿಂತು ಓಸ್ಮ್ಯಾಂಡ್‌ನಲ್ಲಿ ಗುರುತು ಹಾಕಿಕೊಂಡೆ. ಸಂಜೆ ಮನೆಗೆ ಬಂದು ತಿದ್ದಿದೆ. ಇಲ್ಲಿ ಹಳ್ಳ ಇದೆ, ದಾರಿ ಮಣ್ಣಿನದು, ಕಾಲುಸಂಕ ನಡೆಯುವವರಿಗೆ ಮಾತ್ರ. ಮುಂದಿನ ತಿಂಗಳ ಮ್ಯಾಪಲ್ಲಿ ಅದು ಬಂದಿತ್ತು. ಅರ್ಜಿ ಇಲ್ಲ, ‘ನಿಮ್ಮ ಸಲಹೆ ಪರಿಶೀಲನೆಯಲ್ಲಿದೆ’ ಅನ್ನೋ ಉತ್ತರ ಇಲ್ಲ. ಆ ಮನೆಯ ಯಜಮಾನರು ಫೋನ್ ನೋಡಿ, “ನಮ್ಮ ಸಂಕ ಇದ್ರಲ್ಲಿ ಬಂದಿದ್ಯಲ್ಲ ಮಾರಾಯ್ರೆ!” ಅಂದರು. ಅವರ ಮುಖ ನೋಡಬೇಕಿತ್ತು.

ಹೆಸರುಗಳೂ ಹಾಗೆಯೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಊರಿಗೂ ಕನ್ನಡದ ಹೆಸರನ್ನು ಬೇರೆಯಾಗಿ ಸೇರಿಸಬಹುದು. ಓಸ್ಮ್ಯಾಂಡ್‌ನ ಮ್ಯಾಪ್ ಭಾಷೆಯಲ್ಲಿ ಕನ್ನಡ ಆರಿಸಿಕೊಂಡರೆ ನಿಟ್ಟೂರು, ಸಂಪೆಕಟ್ಟೆ, ಬ್ಯಾಕೋಡು ಅಂತ ನಮ್ಮ ಲಿಪಿಯಲ್ಲೇ ಕಾಣುತ್ತದೆ. ಯಾರೂ ಸೇರಿಸದ ಕಡೆ ಇಂಗ್ಲಿಷೇ ಬರುತ್ತದೆ. ಅಂಥ ಊರು ಇನ್ನೂ ಬೇಕಾದಷ್ಟಿವೆ.

ಈಗ ಮ್ಯಾಪ್ ಯಾರ ಕಣ್ಣು ಅನ್ನುವ ಮಾತು. ನಡುವೆ ಕೆಲವು ಕಾಲ ನಾನು ಒಂದು ಮಷೀನು ಕಂಪನಿಯ ಸರ್ವಿಸ್ ಗುತ್ತಿಗೆ ಮಾಡುತ್ತಿದ್ದೆ. ಅವರದೇ ಒಂದು ಆ್ಯಪ್ ಹಾಕಿಕೊಳ್ಳಬೇಕಿತ್ತು, ಲೊಕೇಶನ್ ಯಾವಾಗಲೂ ಆನ್ ಇರಬೇಕಿತ್ತು. ಕೆಲಸದ ಹೊತ್ತಲ್ಲಿ ಎಲ್ಲಿದ್ದೇನೆ ಅಂತ ಕೇಳುವುದು ಸರಿ, ಒಪ್ಪುತ್ತೇನೆ. ಆದರೆ ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದರೆ, ಮೇಲೆ ರಸ್ತೆಗೆ ಬಂದ ತಕ್ಷಣ ಫೋನ್: “ಮಧ್ಯಾಹ್ನ ಎರಡು ಗಂಟೆ ಎಲ್ಲಿದ್ರಿ? ಸಿಸ್ಟಮ್‌ನಲ್ಲಿ ಕಾಣಿಸ್ಲೇ ಇಲ್ಲ.” ಭಾನುವಾರ ನೆಂಟರ ಮನೆಗೆ ಹೋದದ್ದೂ ಅವರ ಪಟ್ಟಿಯಲ್ಲಿತ್ತು. ನಾನು ಯಾರ ಮನೆಗೆ ಹೋದೆ, ಎಷ್ಟು ಹೊತ್ತು ಕೂತೆ ಅನ್ನುವುದು ಯಾಕೆ ಒಂದು ಕಂಪನಿಗೆ ಗೊತ್ತಾಗಬೇಕು? ಗುತ್ತಿಗೆ ಬಿಟ್ಟೆ. ಆದಾಯ ಕಡಿಮೆಯಾಯಿತು, ಆದರೂ ಬಿಟ್ಟೆ.

ಇದು ಬರೀ ನನ್ನ ಮನಸ್ಸಿನ ಕಿರಿಕಿರಿ ಅಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮ್ಯಾಪಿಗೇ ನೇರವಾಗಿ ತಾಗುವ ತೀರ್ಪು ಇನ್ನೊಂದಿದೆ. ಮಾದಕ ವಸ್ತು ಪ್ರಕರಣದ ಆರೋಪಿಯೊಬ್ಬನಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪ್‌ನ ಪಿನ್ ಹಾಕಿ ತನಿಖಾಧಿಕಾರಿಗೆ ಕಾಣುವಂತೆ ಇರಬೇಕು ಅಂತ ಷರತ್ತು ಹಾಕಲಾಗಿತ್ತು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಜಾಮೀನಿನ ಮೇಲಿರುವವನ ಓಡಾಟವನ್ನು ಪೊಲೀಸರು ಸದಾ ನೋಡುತ್ತಿರುವಂಥ ಷರತ್ತು ಹಾಕುವಂತಿಲ್ಲ, ಅದು ಖಾಸಗಿತನದ ಹಕ್ಕಿಗೆ ವಿರುದ್ಧ ಅಂದಿತು. ಆರೋಪಿಗೇ ಆ ಹಕ್ಕಿದ್ದರೆ, ಪಂಪು ರಿಪೇರಿ ಮಾಡುವವನಿಗೆ ಇರಬೇಡವಾ?

ಕಂಪನಿಗಳ ಕಥೆಯೂ ಸಣ್ಣದಲ್ಲ. ಹೋದ ಜಾಗಗಳ ದಾಖಲೆ ಇಡುವ ‘ಲೊಕೇಶನ್ ಹಿಸ್ಟರಿ’ ಆಫ್ ಮಾಡಿದರೂ ಗೂಗಲ್‌ನ ಬೇರೆ ಸೇವೆಗಳಲ್ಲಿ ನಾವಿದ್ದ ಜಾಗ ದಾಖಲಾಗುತ್ತಲೇ ಇತ್ತು ಅಂತ 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲು ಮಾಡಿತು. 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ 39.15 ಕೋಟಿ ಡಾಲರ್‌ಗೆ ಗೂಗಲ್ ಇದೇ ವಿಚಾರದಲ್ಲಿ ರಾಜಿ ಮಾಡಿಕೊಂಡಿತು. ಓಸ್ಮ್ಯಾಂಡ್‌ನಲ್ಲಿ ನಾನು ಯಾವ ದಾರಿ ಹುಡುಕಿದೆ ಅನ್ನುವುದು ಫೋನಿನಲ್ಲೇ ಉಳಿಯುತ್ತದೆ. ಲಾಗಿನ್ ಕೇಳುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ. ಹಾಗಂತ ಇದನ್ನು ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ ಅಂದುಕೊಳ್ಳಬೇಡಿ. ಸಿಮ್ ಇರುವ ತನಕ ಯಾವ ಟವರಿನ ಕೆಳಗಿದ್ದೀರಿ ಅಂತ ಮೊಬೈಲ್ ಕಂಪನಿಗೆ ಗೊತ್ತೇ ಇರುತ್ತದೆ.

ನಕ್ಷೆ ಅನ್ನುವುದು ನಮ್ಮ ದೇಶದಲ್ಲಿ ಸರ್ಕಾರದ ಬಿಗಿ ಮುಷ್ಟಿಯಲ್ಲಿದ್ದ ವಸ್ತು. ಸರ್ವೆ ಆಫ್ ಇಂಡಿಯಾ 1767ರಿಂದ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ತಂದಿತ್ತು. ಅನುಮತಿ ಇಲ್ಲದೆ ಭೂಮಾಹಿತಿ ಸಂಗ್ರಹಿಸಿದರೆ, ತಪ್ಪು ನಕ್ಷೆ ತೋರಿಸಿದರೆ 100 ಕೋಟಿವರೆಗೆ ದಂಡ, ಏಳು ವರ್ಷದವರೆಗೆ ಜೈಲು. ಜನ ವಿರೋಧಿಸಿದರು, ಅದು ಕಾಯ್ದೆ ಆಗಲಿಲ್ಲ. ಮರುವರ್ಷ ‘ನಕ್ಷೆ’ ಅನ್ನೋ ಪೋರ್ಟಲ್ ತೆರೆದು ಸರ್ವೆ ಇಲಾಖೆಯ ನಕ್ಷೆಗಳನ್ನು ಉಚಿತವಾಗಿ ಕೊಟ್ಟರು, ಆದರೆ ಆಧಾರ್ ನಂಬರ್ ಹಾಕಬೇಕಿತ್ತು! ನಮ್ಮದೇ ಗುಡ್ಡ, ನಮ್ಮದೇ ಹೊಳೆ, ನೋಡಲು ಗುರುತಿನ ನಂಬರ್. 2021ರ ಫೆಬ್ರುವರಿಯಲ್ಲಿ ನಕ್ಷೆ ಮಾಡುವ ನಿಯಮ ಸಡಿಲ ಮಾಡಿದ್ದು ಒಳ್ಳೆಯದೇ ಆಯಿತು.

ಸರ್ಕಾರದ ಕೈಯಿಂದ ಬಿಟ್ಟರೆ ಕಂಪನಿಯ ಕೈಗೆ ಹೋಗುತ್ತದೆ, ಅಲ್ಲಿ ಬೇರೆ ತೊಂದರೆ. ತಮ್ಮ ವೆಬ್‌ಸೈಟಿನಲ್ಲಿ ಮ್ಯಾಪ್ ತೋರಿಸುವವರಿಗೆ ಗೂಗಲ್ ಮೊದಲು ದಿನಕ್ಕೆ 25,000 ಸಲದವರೆಗೆ ಉಚಿತ ಇಟ್ಟಿತ್ತು. 2018ರಲ್ಲಿ ಅದು ತಿಂಗಳಿಗೆ ಸುಮಾರು 28,000ಕ್ಕೆ ಇಳಿಯಿತು. 2024ರಲ್ಲಿ ಭಾರತದಲ್ಲಿ ಪೈಪೋಟಿ ಬಂದಾಗ ದರವನ್ನು ಶೇ 70ರವರೆಗೆ ಕಡಿಮೆ ಮಾಡಿದರು. ಏರಿಸಿದ್ದೂ ಅವರೇ, ಇಳಿಸಿದ್ದೂ ಅವರೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಮೆಟಾ, ಅಮೆಜಾನ್‌ನಂಥ ದೊಡ್ಡ ಕಂಪನಿಗಳೂ ಬಳಸುತ್ತವೆ. ಬಳಸಲಿ. ಆದರೆ ಹೆಸರು ಹೇಳಬೇಕು, ಆ ಮಾಹಿತಿಯನ್ನು ಬೆಳೆಸಿ ಹೊರಗೆ ಕೊಟ್ಟರೆ ಅದೇ ಷರತ್ತಿನಲ್ಲಿ ಎಲ್ಲರಿಗೂ ಕೊಡಬೇಕು ಅಂತ ಲೈಸೆನ್ಸಿನಲ್ಲೇ ಇದೆ. ನಾನು ಹಾಕಿದ ಕಾಲುಸಂಕವನ್ನು ಯಾರೂ ಬೇಲಿ ಹಾಕಿ ತಮ್ಮದು ಅನ್ನುವಂತಿಲ್ಲ.

ತೊಂದರೆಗಳನ್ನೂ ಹೇಳುತ್ತೇನೆ, ಕೆಲವು ಜೋರೇ ಇವೆ. ಮೆನುಗಳು ವಿಪರೀತ. ಒಂದು ಸಣ್ಣ ಸೆಟ್ಟಿಂಗ್ ಹುಡುಕಲು ನಾಲ್ಕು ಪುಟ ಒಳಗೆ ಇಳಿಯಬೇಕು. ಕಡಿಮೆ ಬೆಲೆಯ ಫೋನಲ್ಲಿ ಮ್ಯಾಪ್ ಬಿಡಿಸಿಕೊಳ್ಳುವುದು ನಿಧಾನ, ದೂರದ ದಾರಿ ಲೆಕ್ಕ ಹಾಕುವುದು ಇನ್ನೂ ನಿಧಾನ. ಅಂಗಡಿ, ಹೋಟೆಲ್ ಹೆಸರು ಹುಡುಕಿದರೆ ಸಿಗುವುದು ಅಪರೂಪ, ಸಿಕ್ಕರೂ ಫೋನ್ ನಂಬರ್ ಇರುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಯಾವ ರಸ್ತೆ ಜಾಮ್ ಅಂತ ಹೇಳುವುದಿಲ್ಲ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಗೂಗಲ್ ಮ್ಯಾಪಿನ ಚಿಕ್ಕ ಲಿಂಕ್ ಇಂಟರ್ನೆಟ್ ಇಲ್ಲದೆ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೆ ನಾನು ಪ್ಲಸ್ ಕೋಡ್, ಅಂದರೆ ಜಾಗವನ್ನು ಹೇಳುವ ಅಕ್ಷರ, ಅಂಕಿಗಳ ಚಿಕ್ಕ ಗುರುತು, ಕೇಳುತ್ತೇನೆ. ಅದು ಗೂಗಲ್ ಮಾಡಿದ್ದೇ, ಆದರೆ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ, ಓಸ್ಮ್ಯಾಂಡ್ ಅದನ್ನು ನೆಟ್ ಇಲ್ಲದೆಯೂ ಓದುತ್ತದೆ. ಒಳ್ಳೆಯ ಕೆಲಸ, ಮೆಚ್ಚಬೇಕು. ಇನ್ನು ತಿಂಗಳಿಗೊಮ್ಮೆ ಮ್ಯಾಪ್ ಹೊಸದು ಮಾಡಿಕೊಳ್ಳದಿದ್ದರೆ ಕಷ್ಟ. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಅದಕ್ಕಿಂತ ಹಳೆಯ ಮ್ಯಾಪ್ ಇಟ್ಟುಕೊಂಡವರಿಗೆ ಈಗಲೂ ಲಾಂಚ್ ದಾರಿಯೇ.

ಗದ್ದಲ ಬೇಡ, ಸುಮ್ನೆ ದಾರಿ ತೋರಿಸಿದರೆ ಸಾಕು ಅನ್ನುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಕೋಮ್ಯಾಪ್ಸ್ ಒಳ್ಳೆಯದು. ಅಮ್ಮನ ಫೋನಿಗೆ ಹಾಕಿದ್ದು ಇಂಥದ್ದನ್ನೇ. ಇವುಗಳ ಹುಟ್ಟೂ ಗಮನಿಸುವಂಥದ್ದು. ಮ್ಯಾಪ್ಸ್‌ಮಿ ಅನ್ನೋ ಆ್ಯಪನ್ನು 2014ರಲ್ಲಿ ರಷ್ಯಾದ ಒಂದು ದೊಡ್ಡ ಕಂಪನಿ ಕೊಂಡಿತು, 2020ರಲ್ಲಿ ಇನ್ನೊಬ್ಬರಿಗೆ ಮಾರಿತು. ಆ್ಯಪಿನ ರೂಪವೇ ಬದಲಾಯಿತು. ಆದರೆ ಕೋಡ್ ತೆರೆದಿತ್ತಲ್ಲ, ಅದನ್ನೇ ಎತ್ತಿಕೊಂಡು 2021ರಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಬಂತು. ಅಲ್ಲೂ ಯಾರ ಮಾತು ನಡೆಯಬೇಕು ಅಂತ ಭಿನ್ನಾಭಿಪ್ರಾಯ ಬಂದು 2025ರಲ್ಲಿ ಕೋಮ್ಯಾಪ್ಸ್ ಬೇರೆಯಾಯಿತು. ಜಗಳ ಆಗಬಾರದು ಅಂತಲ್ಲ, ಜಗಳ ಆದರೂ ಬಳಸುವವರ ಕೈಯಿಂದ ಮ್ಯಾಪ್ ಯಾರೂ ಕಿತ್ತುಕೊಳ್ಳಲು ಆಗಲಿಲ್ಲ. ನನಗೆ ಅದೇ ದೊಡ್ಡ ವಿಷಯ.

ಮ್ಯಾಪ್ ತಿದ್ದಲು ಹೊರಡುವವರಿಗೆ ಒಂದು ಎಚ್ಚರಿಕೆ. ತಿದ್ದುಪಡಿ ಮಾಡಿದ್ದು ಯಾರು, ಯಾವಾಗ, ಎಲ್ಲಿ ಅನ್ನುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಸ್ವಂತ ಹೆಸರಿನ ಖಾತೆ ಬೇಡ. ಮನೆ ಬಾಗಿಲಿಂದ ಶುರುವಾಗುವ ಓಡಾಟದ ದಾಖಲೆ ಅಪ್‌ಲೋಡ್ ಮಾಡಬೇಡಿ. ಗಿರಾಕಿಗಳ ಮನೆಯನ್ನು ನಾನು ನನ್ನ ಫೋನಿನ ಮೆಚ್ಚಿನ ಜಾಗಗಳ ಪಟ್ಟಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತೇನೆ. ರಸ್ತೆ, ಸಂಕ, ಬಸ್ ನಿಲ್ಲುವ ಜಾಗ, ಶಾಲೆ ಎಲ್ಲರದ್ದು, ಅದನ್ನು ಹಾಕುತ್ತೇನೆ. ಒಂಟಿ ಮನೆಯಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ ಅನ್ನುವುದು ಅವರಿಗೆ ಸೇರಿದ್ದು.

ಹಾಕಿಕೊಳ್ಳುವುದು ಹೇಗೆ? ಪ್ಲೇ ಸ್ಟೋರಿನ ಉಚಿತ ಆವೃತ್ತಿಯಲ್ಲಿ ಏಳು ಮ್ಯಾಪ್ ಇಳಿಸಲು ಮಾತ್ರ ಅವಕಾಶ, ಆಮೇಲೆ ದುಡ್ಡು. ತೆರೆದ ಕೋಡಿನ ಆ್ಯಪುಗಳ ಇನ್ನೊಂದು ಸ್ಟೋರ್ ಎಫ್-ಡ್ರಾಯ್ಡ್‌ನಲ್ಲಿ ಸಿಗುವುದರಲ್ಲಿ ಆ ಮಿತಿ ಇಲ್ಲ, ನಾನು ಬಳಸುವುದು ಅದೇ. ಕರ್ನಾಟಕದ ಮ್ಯಾಪ್ ಜೊತೆ ಗುಡ್ಡದ ಎತ್ತರದ ಗೆರೆಗಳನ್ನೂ ಇಳಿಸಿಕೊಳ್ಳಿ, ಘಾಟಿ ಕಡೆ ಓಡಾಡುವವರಿಗೆ ತುಂಬಾ ಉಪಯೋಗ. ತಿದ್ದುವುದು ಕಷ್ಟ ಅನ್ನಿಸಿದರೆ ಸ್ಟ್ರೀಟ್‌ಕಂಪ್ಲೀಟ್ ಅಂತ ಇನ್ನೊಂದು ಆ್ಯಪ್ ಇದೆ, ಈ ರಸ್ತೆ ಡಾಂಬರಾ ಮಣ್ಣಾ ಅಂತ ಅದೇ ಕೇಳುತ್ತದೆ, ಒತ್ತಿದರೆ ಮುಗಿಯಿತು. ನನ್ನ ಮಾರ್ಕು ಐದಕ್ಕೆ ನಾಲ್ಕು, ಕಡಿಮೆಯಾದ ಒಂದು ಆ ಮೆನುಗಳಿಗೆ. ತುಮರಿ, ಬ್ಯಾಕೋಡು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಕಡೆಯ ಒಳದಾರಿಗಳನ್ನು ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದಿ, ಕನ್ನಡದ ಹೆಸರು ಇಲ್ಲದಿದ್ದರೆ ಸೇರಿಸಿ. ಹೇಗೆ ಅಂತ ಗೊತ್ತಾಗದಿದ್ದರೆ ಇಲ್ಲೇ ಕೇಳಿ, ಹೇಳಿಕೊಡುತ್ತೇನೆ.